ಹಳೇ ಡಬ್ಬದ ರಾಳ

ಸಾಬೂನು ಕಾರ್ಖಾನೆಯಲ್ಲಿ ಪರಿಮಳ ಬೆರೆಸುವ ಮೇಸ್ತ್ರಿಗೆ ಹೊಸದು ಅಂದರೆ ಆಗಿಬರುತ್ತಿರಲಿಲ್ಲ. ಪೈನ್ ಮರದ ಗಾಯದಿಂದ ಒಸರುವ ರಾಳವಂತೂ ಹಳೆಯದಾದಷ್ಟೂ ಚೆನ್ನ ಅಂತ ಅವನ ವಾದ. ಹೊಸ ಡಬ್ಬದ ಮುಚ್ಚಳ ತೆಗೆದರೆ ಬಣ್ಣದಂಗಡಿಯ ಟರ್ಪೆಂಟೈನ್ ವಾಸನೆ ಮೂಗಿಗೆ ಹೊಡೆಯುತ್ತದೆ. ಅದೇ ಡಬ್ಬ ಅರ್ಧ ಖಾಲಿಯಾಗಿ ವರ್ಷ ಕೂತಿತೋ, ಘಮ ಮೆತ್ತಗಾಗಿ ಸಿಹಿಗೆ ತಿರುಗುತ್ತದೆ. ಇಪ್ಪತ್ತಾರು ವರ್ಷ ಮೂಗಿನಿಂದಲೇ ಹೊಟ್ಟೆ ಹೊರೆದವನು, ಅವನಿಗೆ ಎದುರು ಮಾತಾಡುವವರು ಯಾರು?

ಮಾತಾಡಿದ್ದು ಹೊಸದಾಗಿ ಬಂದ ಲ್ಯಾಬಿನ ಮೇಡಂ. ಬಂದ ತಿಂಗಳಲ್ಲೇ ಕಟ್ಟಪ್ಪಣೆ ಹೊರಡಿಸಿದರು. ಡಬ್ಬ ಒಡೆದ ದಿನವೇ ರಾಳವನ್ನು ಸಣ್ಣ ಬಾಟಲಿಗಳಿಗೆ ಕತ್ತಿನವರೆಗೆ ತುಂಬಬೇಕು, ಗಾಳಿಗೆ ಜಾಗ ಬಿಡಬಾರದು, ತಾರೀಖು ಬರೆದು ಫ್ರಿಜ್ಜಿನಲ್ಲಿಡಬೇಕು, ಹಳೆಯದನ್ನು ಬಿಸಾಡಬೇಕು. ಮೇಸ್ತ್ರಿ "ಆಯ್ತು ಮೇಡಂ" ಅಂದ. ಅಂದವನು, ಬಿಸಾಡಬೇಕಾಗಿದ್ದ ಎರಡು ವರ್ಷದ ಡಬ್ಬವನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ಹೋದ. ಅಂಥ ಘಮವನ್ನು ಚರಂಡಿಗೆ ಸುರಿಯಲು ಅವನಿಗೇನು ತಲೆ ಕೆಟ್ಟಿತ್ತೇ?

ಅವನ ಅಕ್ಕ ಕೋಟು ಹೊಲಿಯುವವಳು. ತಾಯಿಯಿಲ್ಲದ ತಮ್ಮನನ್ನು ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಮಲಗಿಸಿಕೊಂಡು ಸಾಕಿದವಳು. ಚಳಿಗೆ ಅವಳ ಬೆರಳು ಒಡೆಯುವುದನ್ನು ನೋಡಿದ ಮೇಸ್ತ್ರಿ ಜೇನುಮೇಣ ಕರಗಿಸಿ, ಎಣ್ಣೆ ಬೆರೆಸಿ, ಮೇಲಿಂದ ಆ ರಾಳವನ್ನು ಧಾರಾಳವಾಗಿ ಸುರಿದು ಮುಲಾಮು ಮಾಡಿದ. ತೂಕಗೀಕ ನೋಡಲಿಲ್ಲ. ಅಕ್ಕನಿಗೆ ಕೊಡುವಾಗ ಜಿಪುಣತನ ಮಾಡಲಾದೀತೇ? ಕೊಡುವ ಮುಂಚೆ ತನ್ನ ತೋಳಿನ ಒಳಬದಿಗೆ ಹಚ್ಚಿ ನೋಡಿದ್ದ, ನಿಜ. ಏನೂ ಆಗಲಿಲ್ಲ. ಅವನ ಚರ್ಮಕ್ಕೆ ಯಾವತ್ತೂ ಏನೂ ಆದದ್ದಿಲ್ಲ.

"ಕಾಡನ್ನೇ ಡಬ್ಬಿಗೆ ಹಾಕಿ ತಂದಿದೀಯಲ್ಲೋ" ಅಂತ ಅಕ್ಕ ನಕ್ಕಳು.

ಎರಡು ತಿಂಗಳಿಗೆ ಅವಳ ಬೆರಳ ಸಂದಿಯಲ್ಲಿ ಕೆಂಪು ಗುಳ್ಳೆ ಎದ್ದವು. ಒಡೆದು ನೀರು ಸುರಿಯಿತು. ಬಟ್ಟೆಯ ಬಣ್ಣ ಕೈಗೆ ಒಗ್ಗಿರಲಿಕ್ಕಿಲ್ಲ ಅಂದಳು. "ಹಾಗಿದ್ರೆ ಇನ್ನೂ ದಪ್ಪಗೆ ಹಚ್ಕೋ" ಅಂದ ತಮ್ಮ, ದೊಡ್ಡ ವೈದ್ಯನ ಹಾಗೆ. ಪ್ರತಿ ಭಾನುವಾರ ಅವನು ಊಟಕ್ಕೆ ಹೋದಾಗ ಅವಳು ಎದುರಿಗೇ ಡಬ್ಬಿ ತೆಗೆದು ಹಚ್ಚಿಕೊಳ್ಳುವಳು. ಅವನಿಗೆ ಎದೆ ತುಂಬಿ ಬರುವುದು.

ಒಂದು ಗುರುವಾರ ಮೇಡಂ ಎಲ್ಲರನ್ನೂ ಕೂರಿಸಿ ಗುಳ್ಳೆಯೆದ್ದ ಒಂದು ಕೈಯ ಫೋಟೋ ತೋರಿಸಿದರು.

"ಹಳೇ ರಾಳ ಗಾಳಿ ತಾಗಿ ಕೆಟ್ಟಿರುತ್ತೆ. ವಾಸನೆ ಮಾತ್ರ ಚೆನ್ನಾಗೇ ಇರುತ್ತೆ, ಅದಕ್ಕೇ ಮೋಸ ಹೋಗ್ತೀವಿ. ಒಬ್ಬರ ಕೈಗೆ ಏನೂ ಆಗ್ಲಿಲ್ಲ ಅಂದ್ರೆ ಎಲ್ಲರಿಗೂ ಒಗ್ಗುತ್ತೆ ಅಂತಲ್ಲ. ಒಂದು ಸಲ ಚರ್ಮ ಮುನಿಸ್ಕೊಂಡ್ರೆ, ಆಮೇಲೆ ಒಂದು ಚೂರು ತಗುಲಿದ್ರೂ ಮತ್ತೆ ಏಳುತ್ತೆ."

ಫೋಟೋದಲ್ಲಿದ್ದದ್ದು ಥೇಟ್ ಅಕ್ಕನ ಕೈ. "ನಿಮಗೆ ಇದೆಲ್ಲ ಗೊತ್ತೇ ಇದೆ ಬಿಡಿ ಮೇಸ್ತ್ರಿ" ಅಂದರು ಮೇಡಂ, ಮರ್ಯಾದೆಯಿಂದಲೇ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ.

ಭಾನುವಾರ ಹೇಳಿಯೇಬಿಡಬೇಕು ಅಂತ ಹೋದ. ಊಟ ಮುಗಿಯಿತು. ಅಕ್ಕ ಡಬ್ಬಿ ತೆಗೆದಳು. ಇಪ್ಪತ್ತಾರು ವರ್ಷ ಕಟ್ಟಿಕೊಂಡ ಹೆಸರು ಮಾತಿಗೆ ಅಡ್ಡ ಬಂತು. ಅವಳು ಒಂದೊಂದೇ ಬೆರಳಿಗೆ ತಿಕ್ಕಿಕೊಳ್ಳುವುದನ್ನು ನೋಡುತ್ತ ಕೂತಿದ್ದು, ಊಟ ಚೆನ್ನಾಗಿತ್ತು ಅಂತ ಹೇಳಿ ಎದ್ದು ಬಂದ. ದಾರಿಯುದ್ದಕ್ಕೂ ತನ್ನನ್ನು ಹೇಡಿ, ಹೇಡಿ ಅಂತ ಬೈದುಕೊಂಡ. ಹಾಗೆ ಬೈದುಕೊಂಡರೆ ಯಾರ ಕೈ ವಾಸಿಯಾಗುತ್ತದೆ?

ಮುಂದಿನ ಭಾನುವಾರ ಹೋದಾಗ ಮೆಷಿನ್ ಮೇಲೆ ಬಟ್ಟೆಯೇ ಇರಲಿಲ್ಲ. ಅಕ್ಕನಿಗೆ ಕತ್ತರಿ ಹಿಡಿಯಲಾಗುತ್ತಿರಲಿಲ್ಲ. ಎಷ್ಟೋ ವರ್ಷದ ಗಿರಾಕಿಯೊಬ್ಬಳು "ಇದು ಅಂಟುತ್ತಾ?" ಅಂತ ಕೇಳಿ, ಅರ್ಧ ಹೊಲಿದ ಕೋಟನ್ನು ತುದಿಬೆರಳಲ್ಲಿ ಎತ್ತಿಕೊಂಡು ಹೋಗಿದ್ದಳು.

ಅವನು ಆವತ್ತು ಹೇಳಿದ. ಡಬ್ಬ ಕದ್ದದ್ದು, ಕೆಟ್ಟ ರಾಳ, ತೂಕ ನೋಡದೆ ಸುರಿದದ್ದು, ಎಲ್ಲ.

ಅಕ್ಕ ಸಿಟ್ಟಾಗಲಿಲ್ಲ. "ನನಗೂ ಅನುಮಾನ ಇತ್ತು ಕಣೋ. ಅದಕ್ಕೇ ವಾರವೆಲ್ಲ ಮುಟ್ತಿರ್ಲಿಲ್ಲ. ನೀನು ಬರೋ ದಿನ ಮಾತ್ರ ಹಚ್ಕೋತಿದ್ದೆ. ಆಸೆಪಟ್ಟು ಮಾಡ್ಕೊಟ್ಟಿದೀಯ, ಮುಖ ಸಣ್ಣ ಮಾಡ್ಕೋತೀಯ ಅಂತ. ಸ್ವಲ್ಪ ವಾಸಿಯಾಯ್ತು ಅನ್ನೋ ಹೊತ್ತಿಗೆ ಮತ್ತೆ ಭಾನುವಾರ ಬಂದ್ಬಿಡೋದು."

ಅವನು ಎದ್ದು ಮುಲಾಮಿನ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ.

"ಹೋಗ್ಲಿ ಬಿಡು. ನಿನಗಾದ್ರೂ ಏನು ಗೊತ್ತಿತ್ತು?" ಅಂದಳು ಅಕ್ಕ.

ಅಲ್ಲಿಗೇ ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದ. ಬಚಾವಾಗಲು ನಾಚಿಕೆಯಾಯಿತು.

"ಗೊತ್ತಿತ್ತು ಅಕ್ಕ. ಹತ್ತು ದಿನ ಆಯ್ತು ಗೊತ್ತಾಗಿ."

ಅಕ್ಕ ತನ್ನ ಕೈಗಳನ್ನೇ ನೋಡಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

"ಹೋದ ಭಾನುವಾರ ನಾನು ಹಚ್ಕೊಳ್ಳುವಾಗ ಎದುರಿಗೇ ಕೂತಿದ್ಯಲ್ಲೋ?"

"ಕೂತಿದ್ದೆ" ಅಂದ ತಮ್ಮ.