ಸೀಳದೆ ಸುಟ್ಟ ಮೆಣಸಿನಕಾಯಿ

ಕಾಯಿ ಟೊಮ್ಯಾಟೊ ಗೊಜ್ಜನ್ನು ನಮ್ಮ ಮನೆಯಲ್ಲಿ ಮೂವತ್ತೊಂದು ವರ್ಷ ಯಾರೂ ಅರೆಯಲಿಲ್ಲ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಅದಕ್ಕೆ ಕಾರಣ ಎಲ್ಲರಿಗೂ ಗೊತ್ತಿತ್ತು. ಕೆಂಡದಲ್ಲಿ ಸುಡಲು ಹಾಕಿದ ಹಸಿಮೆಣಸಿನಕಾಯಿ ಸಿಡಿದು ನನ್ನ ಹೆಂಡತಿಯ ಬಲಗಣ್ಣಿಗೆ ಬಿತ್ತು, ಕಣ್ಣಲ್ಲಿ ಬಿಳಿ ಹೂ ಕೂತು ನೋಟ ಹೋಯಿತು, ಆವತ್ತಿನಿಂದ ಆ ಗೊಜ್ಜು ಈ ಮನೆಗೆ ಆಗಿಬರುವುದಿಲ್ಲ. ಮಗನಿಗೆ ನಾನು ಹೇಳಿದ್ದು ಇದೇ. ಮೈಸೂರಿನ ಡಾಕ್ಟರಿಗೆ ಹೇಳಿದ್ದೂ ಇದೇ. ಯಳಂದೂರಿನಿಂದ ಬಂದ ಅವಳ ಅಣ್ಣನಿಗೆ ದೇವರ ಪಟದ ಕಡೆ ಕೈ ತೋರಿಸಿ ಹೇಳಿದ್ದೂ ಇದೇ.

ಮೆಣಸಿನಕಾಯಿ ಸಿಡಿದಿರಲಿಲ್ಲ. ಆ ಕಣ್ಣು ಕಿತ್ತುಕೊಂಡವನು ನಾನು.

ನನಗೀಗ ಅರವತ್ತೆಂಟು. ಹೈಸ್ಕೂಲು ಮುಗಿಸಿ ಅಪ್ಪನ ಮಗ್ಗಕ್ಕೆ ಕೂತವನು. ಬರೆದು ಅಭ್ಯಾಸವಿಲ್ಲ. ಆದರೂ ಬಾಯಲ್ಲಿ ಒಮ್ಮೆ ಹೇಳಿದ್ದನ್ನು ಕಾಗದದ ಮೇಲೂ ಇಡಬೇಕು ಅನ್ನಿಸಿದೆ, ಏಕೆಂದರೆ ಬಾಯಲ್ಲಿ ಹೇಳುವಾಗ ಅರ್ಧ ನುಂಗಿಕೊಂಡೆ.

ಗೊಜ್ಜು ಬಡವರ ಅಡುಗೆ. ಹಣ್ಣಾಗದ ಗಟ್ಟಿ ಟೊಮ್ಯಾಟೊ, ಹಸಿಮೆಣಸಿನಕಾಯಿ, ಸಿಪ್ಪೆ ಸಮೇತ ಬೆಳ್ಳುಳ್ಳಿ, ಮೂರನ್ನೂ ಕೆಂಡದಲ್ಲಿ ಮೈ ಕಪ್ಪಾಗುವವರೆಗೆ ಸುಡಬೇಕು. ಆಮೇಲೆ ಕೊತ್ತಂಬರಿ ಸೊಪ್ಪು, ಕಲ್ಲುಪ್ಪು ಸೇರಿಸಿ ಅರೆಯುವ ಕಲ್ಲಿನ ಮೇಲೆ ತರಿತರಿಯಾಗಿ ಅರೆದರೆ ಆಯಿತು. ಬಿಸಿ ಮುದ್ದೆಗೆ ಅದರ ಮುಂದೆ ಬೇರೆ ಸಾರು ಬೇಡ. ಒಂದೇ ಎಚ್ಚರಿಕೆ. ಮೆಣಸಿನಕಾಯಿಯ ಹೊಟ್ಟೆಯನ್ನು ಮೊದಲು ಸೀಳಿಕೊಳ್ಳಬೇಕು, ಇಲ್ಲದಿದ್ದರೆ ಒಳಗಿನ ಗಾಳಿ ಕಾದು ಸಿಡಿಯುತ್ತದೆ. ನನ್ನ ಸುಳ್ಳು ನಿಂತದ್ದು ಈ ಎಚ್ಚರಿಕೆಯ ಮೇಲೆ.

ಆಗ ಮಗ್ಗದ ಮೇಲೆ ಬಿಳಿ ಧಾರೆ ಸೀರೆ ಇತ್ತು. ಬಿಳಿ ಹಾಸು ಏರಿದ ದಿನದಿಂದ ಇಳಿಯುವವರೆಗೆ ಮನೆಯಲ್ಲಿ ಅರಿಶಿನ ತೇಯುವಂತಿಲ್ಲ, ಸೊಪ್ಪು ಅರೆಯುವಂತಿಲ್ಲ ಎಂಬುದು ನಮ್ಮಪ್ಪನ ಕಾಲದಿಂದ ಬಂದ ಕಟ್ಟು. ರೇಷ್ಮೆ ಬಣ್ಣ ಕುಡಿದರೆ ಬಿಡುವುದಿಲ್ಲ. ಒಂಬತ್ತು ದಿನ ಸಪ್ಪೆ ತಿಂದು ನನಗೆ ಸಾಕಾಗಿತ್ತು. ಹೆಂಡತಿಗೆ ಗೊಜ್ಜು ಅರೆ ಅಂದೆ. ಸೀರೆ ಇಳಿಯಲಿ ಅಂದಳು. ಮತ್ತೆ ಅಂದೆ. ನಾನು ಎರಡನೇ ಸಲ ಹೇಳಿದ ಮೇಲೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹಿಂದಿನ ವರ್ಷ ಲಾಳಿ ಎಸೆದು ಅವಳ ಕಾಲಿನ ಹರಡು ಒಡೆದಿದ್ದೆ. ತಾಳಿ ಕಟ್ಟಿದ ಮೂರನೇ ತಿಂಗಳು ಬಾಗಿಲ ಸಂದಿಗೆ ಅವಳ ಕೈ ಸಿಕ್ಕಿಸಿ ಬಾಗಿಲು ಒತ್ತಿದ್ದೆ. ಅವಳು ಅರೆದಳು.

ಉಂಡು, ಕೈಯನ್ನು ಟವೆಲಿಗೆ ಒರೆಸಿಕೊಂಡು ಮಗ್ಗದ ಗುಣಿಗೆ ಇಳಿದೆ. ಗಳಿಗೆ ಕಳೆದ ಮೇಲೆ ನೋಡುತ್ತೇನೆ, ನೇಯ್ದ ಬಟ್ಟೆಯ ಮೇಲೆ, ನನ್ನ ಮಡಿಲಿನ ಹತ್ತಿರ, ಹಸಿರು ಕಲೆ. ದುಂಡಗೆ, ಹೆಬ್ಬೆಟ್ಟಿನಷ್ಟು.

ನೇಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವಳ ಕೆಲಸ ಗೋಡೆಯ ಪಕ್ಕದ ರಾಟೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುವುದು. ಅವಳ ಕೈ ಕೊಳೆಯಾಗಿದ್ದರೆ ಆ ಕೊಳೆ ನೂಲಿನ ಜೊತೆ ಓಡಿ ಸೀರೆಗೆ ಅಡ್ಡವಾಗಿ ಗೆರೆ ಎಳೆಯುತ್ತಿತ್ತು. ದುಂಡು ಕಲೆ ಬೀಳುವುದು ಗುಣಿಯಲ್ಲಿ ಕೂತು ಬಟ್ಟೆ ಸವರುವವನ ಕೈಯಿಂದ ಮಾತ್ರ. ಅದು ನನ್ನ ಹೆಬ್ಬೆಟ್ಟು ಎಂದು ಕಂಡ ಕ್ಷಣದಲ್ಲೇ ನನಗೆ ಗೊತ್ತಾಯಿತು. ಗೊತ್ತಾದದ್ದರಿಂದಲೇ ಸಿಟ್ಟು ನೆತ್ತಿಗೇರಿತು.

ಎದ್ದು ಬಂದು ಅವಳ ತುರುಬು ಹಿಡಿದೆ. ರಾಟೆಯ ಮುಂದಿನಿಂದ ಅಡುಗೆಮನೆಯವರೆಗೆ ಎಳೆದುಕೊಂಡು ಹೋದೆ. ಕಲ್ಲಿನ ಮೇಲೆ ಗೊಜ್ಜು ಇನ್ನೂ ಉಳಿದಿತ್ತು. ಅಂಗೈ ತುಂಬ ಬಾಚಿ ಅವಳ ಮುಖಕ್ಕೆ ಬಡಿದೆ. ಅಷ್ಟಕ್ಕೆ ಬಿಡಲಿಲ್ಲ. ಮೊಣಕಾಲಿನಿಂದ ಅವಳ ಎದೆ ಒತ್ತಿ ಹಿಡಿದು, ಕಣ್ಣಿಗೆ ಹಚ್ಚಿ ಉಜ್ಜಿದೆ. ಆ ವಾರವಷ್ಟೇ ಕಲ್ಲನ್ನು ಹೊಸದಾಗಿ ಉಳಿಯಿಂದ ಕುಟ್ಟಿಸಿದ್ದೆವು. ಗೊಜ್ಜಿನಲ್ಲಿ ಕಲ್ಲಿನ ಪುಡಿ ಇತ್ತು. ಉಜ್ಜುವಾಗ ಅಂಗೈ ಕೆಳಗೆ ಅದು ನರನರ ಎನ್ನುವುದು ನನಗೆ ತಿಳಿಯುತ್ತಿತ್ತು. ತಿಳಿದೂ ಉಜ್ಜಿದೆ. ಅವಳು ಒಂದು ಸಲ ಕೂಗಿದಳು. ಎರಡನೆಯ ಕೂಗಿಗೆ ಅವಳ ಬಾಯಿ ಒತ್ತಿ ಮುಚ್ಚಿದೆ.

ಅವಳನ್ನು ನಾಲ್ಕು ದಿನ ಮನೆಯಿಂದ ಹೊರಗೆ ಬಿಡಲಿಲ್ಲ. ತೊಟ್ಟಿಲಲ್ಲಿ ಐದು ತಿಂಗಳ ಮಗನಿದ್ದ. ಅವಳು ಗೋಡೆಗೆ ಒರಗಿ ತನ್ನ ಎದೆಹಾಲನ್ನು ತಾನೇ ಚಿಪ್ಪಿಗೆ ಹಿಂಡಿ ಕಣ್ಣಿಗೆ ಬಿಟ್ಟುಕೊಳ್ಳುತ್ತಿದ್ದಳು. ಐದನೇ ದಿನ ಕೀವು ಕಂಡು ಹೆದರಿ ಮೈಸೂರಿಗೆ ಕರೆದುಕೊಂಡು ಹೋದೆ. ಮೊದಲೇ ಬರಬಾರದಿತ್ತೇ ಎಂದು ಡಾಕ್ಟರು ಬೈದರು. ಮೆಣಸಿನಕಾಯಿ ಸಿಡಿದ ಕಥೆ ಹೇಳಿದೆ. ಅವಳು ನೆಲ ನೋಡುತ್ತಿದ್ದಳು.

ಆಮೇಲೆ ಅವಳ ಮೇಲೆ ಕೈ ಮಾಡಲಿಲ್ಲ. ಇದನ್ನು ಒಳ್ಳೆಯತನ ಎಂದು ಬರೆಯುತ್ತಿಲ್ಲ. ಆ ಬಿಳಿ ಹೂವಿನ ಕಣ್ಣು ಮನೆಯಲ್ಲಿ ಓಡಾಡುತ್ತಿದ್ದರೆ ಹೊಡೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಈ ವರ್ಷದ ಮಾತಿಗೆ ಬರುತ್ತೇನೆ. ಮಗ ಗೂಡ್ಸ್ ಆಟೊ ಓಡಿಸುತ್ತಾನೆ. ಮದುವೆಯಾಗಿ ಎರಡು ವರ್ಷ. ಚಾರ್ಜಿಗೆ ಹಾಕಿದ್ದ ತನ್ನ ಫೋನ್ ತೆಗೆದು ಹೆಂಡತಿ ಅವಳದನ್ನು ಹಾಕಿಕೊಂಡಳೆಂದು ಅವಳ ಮುಖವನ್ನು ಗೋಡೆಗೆ ಬಡಿದ. ತುಟಿ ಸೀಳಿತು. ಸೊಸೆ ಅಪ್ಪನಿಗೆ ಫೋನ್ ಮಾಡಿದಳು. ಮಾರನೇ ಬೆಳಿಗ್ಗೆ ಹನೂರಿನ ಬಸ್ಸಿಳಿದು ಬೀಗರು ಬಂದರು. ಹನೂರಿನ ಆಚೆ ಅವರದು ಟೊಮ್ಯಾಟೊ ಹೊಲ. ಕೈಯಲ್ಲಿ ಒಂದು ಚೀಲ ತುಂಬ ಕಾಯಿ ಟೊಮ್ಯಾಟೊ.

"ಗಿಡ ಕಿತ್ತಾಕ್ದೆ. ಬರಿಗೈಲಿ ಬೀಗ್ರ ಮನೆಗ್ ಬರೋದೆಂಗೆ ಅಂತ ತಂದೆ. ಹಣ್ಣಾದ್ರೆ ನಿಮ್ ಪುಣ್ಯ" ಎಂದು ಚೀಲ ಇಟ್ಟರು. ಮಗಳ ತುಟಿಯನ್ನು ನೋಡಿದರು. ನನ್ನ ಮಗನನ್ನು ನೋಡಲಿಲ್ಲ. ನನ್ನ ಎದುರು ಕೂತು, ಜಗಳ ಕಾಯಲು ಬಂದಿಲ್ಲ, ಒಂದೇ ಮಾತು ಕೇಳುತ್ತೇನೆ ಅಂದರು.

"ಇದು ಈ ಮನೆ ವಾಡ್ಕೆಯಾ, ಇಲ್ಲ ಹುಡುಗ್ನ ಒಂದಿನದ ಬುದ್ದಿಗೇಡಾ? ನೀವ್ ಇರಿಯರು. ನೀವ್ ಯೋಳ್ದಂಗ್ ಮಾಡ್ತೀನಿ. ಬುಟ್ಟೋಗು ಅಂದ್ರೆ ಬುಟ್ಟೋಯ್ತೀನಿ."

ಒಂದು ಹುಡುಗಿ ಈ ಮನೆಯಲ್ಲಿ ಉಳಿಯಬೇಕೋ ಬೇಡವೋ ಎಂಬುದು ನನ್ನ ನಾಲಿಗೆಯ ಮೇಲೆ ಬಂದು ಕೂತಿತು.

"ನಮ್ಮನೇಲಿ ಎಂಗಸ್ರ ಮ್ಯಾಲೆ ಕೈ ಎತ್ತಿದೋರೆ ಇಲ್ಲ ಬೀಗ್ರೆ" ಅಂದೆ. "ಇವ್ನೇ ಮೊದ್ಲು. ನಾನ್ ಬುದ್ದಿ ಯೋಳ್ತೀನಿ."

ನನ್ನ ಹೆಂಡತಿ ಕಂಬದ ಬಳಿ ನಿಂತಿದ್ದಳು. ಒಳ್ಳೆಯ ಕಣ್ಣನ್ನು ತಿರುಗಿಸಿ ನನ್ನನ್ನು ನೋಡಿದಳು. ಟೊಮ್ಯಾಟೊ ಚೀಲ ಎತ್ತಿಕೊಂಡು ಹಿತ್ತಿಲಿಗೆ ಹೋದಳು.

ಅಲ್ಲಿ ನೀರೊಲೆಯಲ್ಲಿ ಕೆಂಡ ಇತ್ತು. ಸ್ವಲ್ಪ ಹೊತ್ತಿಗೆ ಸುಟ್ಟ ಕಾಯಿಯ ವಾಸನೆ, ಆಮೇಲೆ ಮೆಣಸಿನಕಾಯಿಯ ಘಾಟು ಮನೆಯೊಳಗೆ ಬಂತು. ಎಲ್ಲರೂ ಕೆಮ್ಮಿದೆವು. ಮಗ ಎದ್ದು ನಿಂತ, ಅವ್ವನಿಗೆ ಏನಾಯಿತು, ಆ ಗೊಜ್ಜು ಈ ಮನೆಯಲ್ಲಿ ಮಾಡುವಂತಿಲ್ಲ ಅಂದ. ಬೀಗರಿಗೂ ಕಥೆ ಗೊತ್ತಿತ್ತು. ಹಿತ್ತಿಲ ಬಾಗಿಲಿಗೆ ಹೋಗಿ, ಅಕ್ಕರೆಯಿಂದಲೇ, ಹುಷಾರು, ಮೊದಲೇ ಒಂದು ಕಣ್ಣು ತಿಂದಿದೆ ಅದು, ಸೀಳಿ ಸುಡಿ ಎಂದು ಹೇಳಿದರು.

"ಸೀಳ್ದೆ ನಾನ್ ಯಾವತ್ತೂ ಸುಟ್ಟೋಳಲ್ಲ ಕಣಣ್ಣ" ಅಂದಳು. "ಅವತ್ತೂ ಸೀಳಿದ್ದೆ."

ಬೀಗರು ಬಂದು ಕೂತರು. ಅರೆಯುವ ಸದ್ದು ಶುರುವಾಯಿತು. ಕಲ್ಲಿನ ಮೇಲೆ ಗುಂಡು ಹೋಗಿ ಬರುವ ಆ ಸದ್ದು ಕೇಳುತ್ತ ನಾನು ಅಂಗೈಯನ್ನು ಟವೆಲಿಗೆ ಒರೆಸಿಕೊಂಡೆ.

ತಟ್ಟೆ ಹಾಕಿದಳು. ಮುದ್ದೆ ಇಟ್ಟಳು. ಗೊಜ್ಜನ್ನು ಮೊದಲು ನನಗೇ ಬಡಿಸಿದಳು. "ನೀವ್ ಉಣ್ಣಿ. ಅವತ್ತು ಬೇಕು ಅಂದೋರು ನೀವೇ" ಅಂದಳು.

ಒಂದು ತುತ್ತು ಮುರಿದು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಹುಳಿ, ಸುಟ್ಟ ವಾಸನೆ, ಖಾರ ಎಲ್ಲವೂ ಅವತ್ತಿನದೇ. ತುತ್ತನ್ನು ತಟ್ಟೆಗೆ ಇಟ್ಟು ಬೀಗರಿಗೆ ಹೇಳಿದೆ. ನಾನೀಗ ಸುಳ್ಳು ಹೇಳಿದೆ, ಈ ಕಣ್ಣು ತೆಗೆದವನು ನಾನು, ಕೈಯಾರೆ ಉಜ್ಜಿ ತೆಗೆದೆ ಅಂದೆ. ತುರುಬು, ಮೊಣಕಾಲು, ಕಲ್ಲಿನ ಪುಡಿ, ನಾಲ್ಕು ದಿನ, ಎಲ್ಲ ಹೇಳಿದೆ. ನನ್ನ ಮಗನಿಗೆ ಇದು ಒಂದು ದಿನದ ಬುದ್ಧಿಯಲ್ಲ, ಮಗಳನ್ನು ಇಲ್ಲಿ ಬಿಟ್ಟು ಹೋಗಬೇಡಿ ಅಂದೆ. ಕಲೆ ಯಾರದ್ದು ಎಂಬುದನ್ನು ಮಾತ್ರ ನುಂಗಿಕೊಂಡೆ.

ಮಗ ತಟ್ಟೆ ಒದ್ದ. ನನ್ನ ಅಂಗಿಯ ಕೊರಳು ಹಿಡಿದು ಎಬ್ಬಿಸಿ ಗೋಡೆಗೆ ಬಡಿದ. "ಮುದ್ಕ, ಅವ್ವನ ಕಣ್ ಕಳ್ದೆ, ಈಗ ನನ್ ಸಂಸಾರಾನೂ ಹಾಳ್ ಮಾಡ್ತೀಯಾ" ಎಂದು ಬಾಯಿಗೆ ಗುದ್ದಿದ. ಎರಡು ಗುದ್ದಿಗೆ ಮುಂದಿನ ಹಲ್ಲು ಬಿತ್ತು. ನಾನು ಕೈ ಅಡ್ಡ ಇಡಲಿಲ್ಲ. ಬೀಗರು ಅವನ ರಟ್ಟೆ ತಿರುಚಿ ಹಿಂದಕ್ಕೆ ಎಳೆದರು. ನನ್ನ ಹೆಂಡತಿ ಗೊಜ್ಜಿನ ಬಟ್ಟಲು ಹಿಡಿದು ನಿಂತೇ ಇದ್ದಳು. ಬಿಡಿಸಲು ಬರಲಿಲ್ಲ. ಮಗನಿಗೆ ಮಾತ್ರ ಹೇಳಿದಳು, "ಹೊಡಿ, ಚೆನ್ನಾಗ್ ಹೊಡಿ. ನಿಮ್ಮಪ್ಪನೂ ಇಂಗೇ ಹೊಡೀತಿದ್ದ."

ಅವನ ಕೈ ಕೆಳಗೆ ಬಿತ್ತು. ಹೊರಗೆ ಹೋಗಿ ಆಟೊ ಸ್ಟಾರ್ಟ್ ಮಾಡಿಕೊಂಡು ಹೋದ.

ಸೊಸೆ ಬಟ್ಟೆ ತುಂಬಿಕೊಂಡಳು. ಹೊರಡುವಾಗ ಅತ್ತೆಯ ಕಾಲಿಗೆ ಬಿದ್ದಳು, ನನ್ನ ಕಾಲಿಗೆ ಬೀಳಲಿಲ್ಲ. ಬೀಗರು ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂದರು, "ನಿಜ ಯೋಳುದ್ರಿ. ಅದ್ಕೇ ನಿಮ್ ಮಾತೊಂದ್ನೇ ನಂಬ್ತೀನಿ. ಇವ್ನು ಸರಿ ಹೋದ ಅಂತ ಯಾವತ್ತು ನೀವ್ ಯೋಳ್ತೀರೋ ಅವತ್ತು ನಾನೇ ಮಗಳ್ನ ಕರ್ಕಬತ್ತೀನಿ. ಅಲ್ಲೀಗಂಟ ಅವ್ನು ನಮ್ ಊರ್ ಕಡೆ ತಲೆ ಆಕ್ಬಾರ್ದು."

ಮಧ್ಯಾಹ್ನ, ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದಾಗ ನುಂಗಿಕೊಂಡಿದ್ದನ್ನೂ ಹೆಂಡತಿಗೆ ಹೇಳಿದೆ. ಆ ಕಲೆ ನನ್ನ ಹೆಬ್ಬೆಟ್ಟಿನದು, ಹೊಡೆಯುವ ಮೊದಲೇ ನನಗೆ ಗೊತ್ತಿತ್ತು ಅಂದೆ. ಅವಳು ಕಲ್ಲು ತೊಳೆಯುತ್ತಿದ್ದಳು.

"ನಂದಾಗಿದ್ರೆ ಅಡ್ಡಕ್ಕೆ ಗೀಟು ಬೀಳ್ತಿತ್ತು. ಅದು ದುಂಡಗಿತ್ತು" ಅಂದಳು. "ನಾನೂ ನೇಯೋರ್ ಮನೆ ಮಗಳು ಕಣ್ರಿ."

ಗೊತ್ತಿದ್ದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು.

"ಯೋಳಿದ್ರೆ ಇನ್ನೊಂದ್ ಕಣ್ಣೂ ಹೋಗ್ತಿತ್ತು. ತೊಟ್ಲಲ್ಲಿ ಕೂಸಿತ್ತು. ಅದ್ನ ನೋಡೋಕೆ ಒಂದ್ ಕಣ್ಣಾದ್ರೂ ಬೇಕಿತ್ತಲ್ಲ."

ಇದಾಗಿ ಮೂರು ತಿಂಗಳಾಯಿತು. ಮಗ ಮನೆಗೆ ಬಂದು ಹೋಗುತ್ತಾನೆ. ನನ್ನನ್ನು ಅಪ್ಪ ಎಂದು ಕರೆಯುವುದಿಲ್ಲ, ಆದರೆ ವಾರಕ್ಕೊಮ್ಮೆ ಕೇಳುತ್ತಾನೆ, ಹನೂರಿಗೆ ಯಾವಾಗ ಫೋನ್ ಮಾಡುತ್ತೀಯ ಎಂದು. ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದ್ದೂ ಉಂಟು. ಹಿಂದಿನ ವಾರ ಇನ್ನೇನು ಮಾಡಿಬಿಡೋಣ ಎಂದು ಫೋನ್ ಕೈಗೆ ತೆಗೆದುಕೊಂಡಿದ್ದೆ. ಅವತ್ತೇ ಸಾರಿಗೆ ಉಪ್ಪು ಕಡಿಮೆ ಎಂದು ಅವ್ವನ ಕಾಲ ಬುಡಕ್ಕೆ ತಟ್ಟೆ ಎಸೆದ.

ನಾನು ಬಗ್ಗಿ ತಟ್ಟೆ ಎತ್ತಿದೆ, ನೆಲ ಒರೆಸಿದೆ. ಫೋನನ್ನು ಅದರ ಜಾಗದಲ್ಲಿ ಇಟ್ಟೆ. ಈ ತಿಂಗಳೂ ಬೀಗರಿಗೆ ಆ ಮಾತು ಹೇಳಲಾರೆ.