ಮೊದಲು ಕೋಟೆ, ಆಮೇಲೆ ಕೆರೆ

ಹತ್ತು ವರ್ಷಗಳ ಹಿಂದೆ, ನಾನು ಸೊಲ್ಲಾಪುರದ ಕನ್ನಡ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದಾಗ, ಹಿಂಗಾರಿ ಬಿತ್ತನೆ ಮುಗಿದ ವಾರದಲ್ಲಿ ನನ್ನ ಅಕ್ಕ ಬೋರಾಮಣಿಯಿಂದ ಎತ್ತಿನ ಗಾಡಿಯಲ್ಲಿ ಬಂದಳು. ಊರು ನೋಡಲು ಬಾ ಎಂದು ನಾನೇ ಕರೆಸಿದ್ದೆ. ನಿಜವಾದ ಕಾರಣ ಬೇರೆಯಿತ್ತು. ಅವಳ ಎದೆಯಲ್ಲಿ ಒಂದು ಗಂಟು ಎದ್ದಿತ್ತು. ದಸರೆಗೆ ಬಂದಾಗ ಅದನ್ನು ನನ್ನ ಹೆಂಡತಿಗೆ ಮಾತ್ರ ತೋರಿಸಿ, ಗಂಡಸರ ಕಿವಿಗೆ ಹಾಕಕೂಡದೆಂದು ಆಣೆ ಮಾಡಿಸಿಕೊಂಡಿದ್ದಳು. ಹೆಂಡತಿ ಆಣೆ ಮುರಿದು ನನಗೆ ತಿಳಿಸಿದ್ದಳು.

ಗಂಡು ಡಾಕ್ಟರರ ಮುಂದೆ ಅಕ್ಕ ಸೆರಗು ಸರಿಸುವವಳಲ್ಲ. ನಗರದ ಒಂದು ದವಾಖಾನೆಗೆ ಪ್ರತಿ ಬುಧವಾರ ಹೆಣ್ಣು ಡಾಕ್ಟರೊಬ್ಬರು ಬಂದು ಮಧ್ಯಾಹ್ನ ಹನ್ನೆರಡರವರೆಗೆ ರೋಗಿಗಳನ್ನು ನೋಡುತ್ತಿದ್ದರು. ಅಂದು ಬುಧವಾರ. ಮರುದಿನ ಬೆಳಿಗ್ಗೆ ಗಾಡಿ ಹಿಂದಿರುಗಬೇಕಿತ್ತು.

ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ. ಅವಳೆದುರು ಇಂಥ ವಿಷಯವೆತ್ತಲು ನನಗೆ ನಾಲಗೆ ಏಳುತ್ತಿರಲಿಲ್ಲ. ಆದ್ದರಿಂದ ಒಂದು ಕ್ರಮ ಗೊತ್ತುಮಾಡಿಕೊಂಡೆ: ಬೆಳಿಗ್ಗೆ ಕೋಟೆ, ಅನಂತರ ಕೆರೆಯ ನಡುವಿನ ಗುಡಿ, ಮನಸ್ಸು ಹಗುರವಾದ ಮೇಲೆ ದವಾಖಾನೆ.

"ಮೊದಲ ದವಾಖಾನಿಗೆ ಹೋಗ್ರಿ," ಎಂದಳು ಹೆಂಡತಿ, ಅಡಿಗೆಮನೆಯಲ್ಲಿ ದನಿ ತಗ್ಗಿಸಿ. "ಕೋಟಿ ಎಲ್ಲಿ ಓಡಿ ಹೋಗತೈತ್ರಿ?"

"ಮೊದಲಽ ಅಂಜಿಸಿದರ ಗಾಡಿ ಹೂಡಿಸಿಕೊಂಡು ಹೊಳ್ಳಿ ಹೋಗತಾಳ," ಎಂದೆ.

ಕೋಟೆಯ ಜೋಡು ಗೋಡೆ, ಕಂದಕ, ಬುರುಜುಗಳನ್ನು ಒಂದೊಂದಾಗಿ ತೋರಿಸಿದೆ. ಮುರಿದ ಗುಡಿಯ ಕಂಬಗಳ ನಡುವೆ ನಿಂತು, ಬಿಜಾಪುರದ ಸುಲ್ತಾನನು ತನ್ನ ಮನೆಯ ಹೆಣ್ಣನ್ನು ಅಹಮದನಗರಕ್ಕೆ ಕೊಟ್ಟಾಗ ಈ ಕೋಟೆಯನ್ನು ಬಳುವಳಿಯಾಗಿ ಕೊಡುವೆನೆಂದು ಮಾತಿತ್ತು ಕೊಡದೆ ಹೋದುದನ್ನೂ, ಅದಕ್ಕಾಗಿ ಎರಡು ಮನೆತನಗಳು ವರ್ಷಗಟ್ಟಲೆ ಕಾದಾಡಿದುದನ್ನೂ ವಿವರಿಸಿದೆ.

"ಕೊಡತೀನಿ ಅಂದು ಕೊಡಲಿಲ್ಲಾ?" ಅಕ್ಕ ನಕ್ಕಳು. "ಹಂಗಾರ ನಮ್ಮ ಬೀಗರ ಪೈಕಿನಽ ಇರಬೇಕು ಅವ."

ಅವಳು ನಗುವುದನ್ನು ಕಂಡು ನನಗೆ ಹುರುಪು ಬಂತು. ಕಲ್ಲಿನ ಮೇಲಿನ ಹಳಗನ್ನಡ ಅಕ್ಷರಗಳನ್ನು ಬೆರಳಿನಿಂದ ತೀಡುತ್ತ, ಸವೆದುಹೋದ ಸಾಲುಗಳನ್ನೂ ಬಿಡದೆ ಓದಿ ಅರ್ಥ ಹೇಳಿದೆ. ಬಿಸಿಲು ಏರುತ್ತಿದ್ದುದು ನನಗೆ ತಿಳಿಯದೆ ಇರಲಿಲ್ಲ.

ಕೆರೆಯ ಮೆಟ್ಟಿಲ ಮೇಲೆ ಅವಳು ಕಾಲು ತೊಳೆದು ಕುಳಿತಳು. ಎರಡು ಸಲ ಬಾಯಿ ತೆರೆದು ಮುಚ್ಚಿದೆ.

"ಅದೇನೋ ಹೇಳಾಕ ಬಂದು ನುಂಗಾಕತ್ತಿಯಲ್ಲೋ, ತಮ್ಮಾ. ಏನದು?"

"ಏನಿಲ್ಲಕ್ಕಾ. ಈ ಕೆರಿಗೆ ನೀರು ಎಲ್ಲಿಂದ ಬರತೈತಿ ಅಂತ ಹೇಳಬೇಕಂದಿದ್ದೆ."

"ಮ್ಯಾಲಿಂದ ಬರತೈತಿ. ಮಳಿ ಆದರ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ನೀರನ್ನು ನೋಡಿದೆ. ಆಗ ಗಿರಣಿಯ ಭೋಂಗಾ ಹನ್ನೆರಡರ ಕೂಗು ಹಾಕಿತು.

ಟಾಂಗಾದವನನ್ನು ಅವಸರಪಡಿಸಿ ಹೋದರೂ ದವಾಖಾನೆಯ ಪಡಸಾಲೆಯನ್ನು ಆಗಲೇ ತೊಳೆಯುತ್ತಿದ್ದರು. ಕೆಲವು ಹೆಂಗಸರು ಔಷಧದ ಸೀಸೆ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಡಾಕ್ಟರು ಈಗಷ್ಟೇ ಹೋದರೆಂದು ಜವಾನ ಹೇಳಿದ. ಪರಿಚಯದವರೊಬ್ಬರನ್ನು ಕಾಣಬೇಕೆಂದು ಹೇಳಿ ಅಕ್ಕನನ್ನು ಟಾಂಗಾದಲ್ಲೇ ಕೂರಿಸಿ ಬಂದಿದ್ದೆ.

"ಸಿಗಲಿಲ್ಲೇನು ನಿನ್ನ ಗೆಳ್ಯಾ?" ಎಂದು ಮರಳಿದಾಗ ಅಕ್ಕ ಕೇಳಿದಳು. ಇಲ್ಲವೆಂದೆ.

ಮರುದಿನ ಗಾಡಿ ಹತ್ತುವಾಗ ಹೆಂಡತಿ ಅವಳ ಕೈ ಹಿಡಿದು, ಇನ್ನೊಂದು ವಾರ ಇರಿ ಎಂದು ಕೇಳಿಕೊಂಡಳು. ಅಕ್ಕ ನನ್ನ ಕಡೆಗೆ ತಿರುಗಿದಳು. ನಾನು ಎತ್ತಿನ ಕೊರಳ ಹಗ್ಗ ಸರಿಪಡಿಸುತ್ತಿದ್ದೆ. "ಜೋಳದ ರಾಶಿ ಆಗಲಿ, ಬರತೀನಿ," ಎಂದು ಹೊರಟಳು.

ರಾಶಿಯಾದ ಮೇಲೆ ಬಂದಳು. ಅಷ್ಟರಲ್ಲಿ ಗಂಟು ಒಡೆದು ಹುಣ್ಣಾಗಿತ್ತು. ಹೆಂಡತಿಯೇ ಅವಳನ್ನು ನೇರವಾಗಿ ಡಾಕ್ಟರ ಬಳಿಗೆ ಕರೆದೊಯ್ದಳು. ಕತ್ತರಿಸಿ ತೆಗೆಯುವ ಕಾಲ ಮೀರಿತೆಂದು ಅವರು ಹೆಂಡತಿಗೆ ಮಾತ್ರ ತಿಳಿಸಿದರು; ಹೆಂಡತಿ ನನಗೆ ಹೇಳಿದಳು.

ಅಕ್ಕಲಕೋಟೆಯ ಸ್ವಾಮಿಗಳ ಗುಡಿಯ ದರ್ಶನವಾಗಬೇಕೆಂದು ಅಕ್ಕ ಕೇಳಿದಳು, ಕರೆದುಕೊಂಡು ಹೋದೆ. ದರ್ಶನವಾದ ಮೇಲೆ ಆಲದ ಮರದ ಕೆಳಗೆ, ಯಾತ್ರಿಕರಿಂದ ತುಸು ದೂರ, ಗೋಡೆಗೆ ಒರಗಿ ಕುಳಿತಳು.

"ಡಾಕ್ಟರಬಾಯಿ ಏನಂದಳು?"

"ಔಷಧ ಕೊಟ್ಟಾಳ. ಕಡಿಮಿ ಆಗತೈತಿ."

"ಅವತ್ತು ಟಾಂಗಾ ನಿಲ್ಲಿಸಿದಾಗ ಸೀಸಿ ಹಿಡಕೊಂಡು ಹೆಂಗಸರು ಹೊರಗ ಬರಾಕತ್ತಿದ್ದರು. ದವಾಖಾನಿ ತಿಳೀಲಾರದಷ್ಟು ಹುಚ್ಚಿ ಅಲ್ಲ ನಾ. ನೀ ಬಾಯಿ ಬಿಟ್ಟು ಹೇಳತಿ ಅಂತ ಕಾದೆ. ಗಾಡಿ ಹತ್ತೂತನಾನೂ ಕಾದೆ. 'ಇರು' ಅಂದಿದ್ದರ ಇರತಿದ್ದೆ." ಉಸಿರು ತೆಗೆದುಕೊಂಡಳು. "ಈಗರೆ ಖರೇ ಹೇಳು."

"ಕಡಿಮಿ ಆಗತೈತಿ, ಅಕ್ಕಾ," ಎಂದೆ.

ಅವಳು ತಲೆಯಾಡಿಸಿದಳು. ಆಮೇಲೆ, ಇಲ್ಲಿಯ ಅರಮನೆಯಲ್ಲಿ ಏನೇನಿದೆ ಎಂದು ಕೇಳಿದಳು. ಕತ್ತಿ, ಈಟಿ, ಬಂದೂಕುಗಳ ಬಗ್ಗೆ ನನಗೆ ಗೊತ್ತಿದ್ದುದನ್ನೆಲ್ಲ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದಳು, ಒಮ್ಮೆಯೂ ನಗಲಿಲ್ಲ. ಮುಂಗಾರಿನ ಮಿರಗದ ಮಳೆ ಬೀಳುವ ಮೊದಲೇ ತೀರಿಕೊಂಡಳು.