ಕಿರುಚುವ ಕೆಲಸದ ಮೋಹಿನಿ

ಮುಂಬಯಿ ಬಳಿಯ ರಬಾಳೆಯ ಕಾರ್ಖಾನೆಗಳ ಸದ್ದು ಶುರುವಾಗುವ ಮುನ್ನವೇ ರೆಕಾರ್ಡಿಂಗ್ ಮುಗಿಯಬೇಕು. ಅದಕ್ಕೇ ಬೆಳಕು ಹರಿಯುವ ಹೊತ್ತಿಗೆ ಮೋಹಿನಿ ಪುಟ್ಟ ಡಬ್ಬಿಂಗ್ ಸ್ಟುಡಿಯೋದಲ್ಲಿ ಚಪ್ಪಲಿ ಕಳಚಿ ಮೈಕಿನ ಮುಂದೆ ನಿಲ್ಲುತ್ತಾರೆ. ಪರದೆಯ ಮೇಲೆ ಹಳೆಯ ಕಪ್ಪು-ಬಿಳುಪು ಇಂಗ್ಲಿಷ್ ಚಿತ್ರ. ಬೇರೆ ಗ್ರಹದ ಜೀವಿಗಳು ಊರಿನವರನ್ನು ಒಬ್ಬೊಬ್ಬರಾಗಿ ಮುಗಿಸಿ ಅವರದೇ ರೂಪ ತಾಳಿವೆ. ನಾಯಕಿ ಗಂಡನ ಮುಖ ದಿಟ್ಟಿಸುತ್ತಾಳೆ. ಇವನು ತನ್ನವನಲ್ಲವೆಂದು ತಿಳಿಯುತ್ತದೆ. ಆಗ ಹೊರಡುವ ಚೀತ್ಕಾರ ಮೋಹಿನಿಯದು.

ಕಾಪು ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವರು. ಪತಿ ಲೀಲಾಧರ ಠಾಣೆಯ ಹೋಟೆಲೊಂದರಲ್ಲಿ ಕ್ಯಾಶಿಯರ್. ಹಿಂದಿಗೆ ಡಬ್ ಆಗುವ ಇಂಥ ಚಿತ್ರಗಳು ಬಂದಾಗಲೆಲ್ಲ ಸ್ಟುಡಿಯೋದವರು ಹುಡುಕುವುದು ಮೋಹಿನಿಯನ್ನೇ. "ನೆಂಟರಿಗೆ ಏನಂತ ಹೇಳುವುದು? ಕಿರುಚ್ಲಿಕ್ಕೆ ಹೋಗ್ತೇನೆ ಅಂತಲಾ? ನಾಚಿಕೆ ಆಗ್ತಿತ್ತು. ಕಂಪನಿಯಲ್ಲಿ ಟೈಪಿಂಗ್ ಅಂತ ಹೇಳಿದ್ದೆ." ನಿಜ ಗೊತ್ತಿದ್ದದ್ದು ಗಂಡನಿಗೆ ಮಾತ್ರ.

ಅಭ್ಯಾಸ ಮನೆಯಲ್ಲೇ, ಬಾಗಿಲು ಹಾಕಿಕೊಂಡು, ದಿಂಬಿಗೆ ಮುಖ ಒತ್ತಿ. ಆದರೂ ಗೋಡೆಯಾಚೆಗೆ ಕೇಳುತ್ತಿತ್ತು. ಕಳೆದ ವರ್ಷ ಪಕ್ಕದ ಮನೆಯ ನಿಕಿತಾ ಕೈ ಹಿಡಿದು ಕೇಳಿದಳು, ಅಂಕಲ್ ಹೊಡೀತಾರಾ ಎಂದು. "ಇಲ್ಲ ಅಂದೆ. ಹಾಗಾದ್ರೆ ಕಿರುಚೋದು ಯಾಕೆ ಅಂದ್ಳು. ನಾನು ತಲೆ ತಗ್ಗಿಸಿದೆ. ಅಷ್ಟೇ ಸಾಕಾಯ್ತು ಅವಳಿಗೆ."

ಸುದ್ದಿ ಇಡೀ ಕಟ್ಟಡಕ್ಕೆ ಹಬ್ಬಿತು. ಗಣಪತಿಯ ಆರತಿ ತಟ್ಟೆ ಲೀಲಾಧರರ ಮುಂದೆ ನಿಲ್ಲದೆ ದಾಟಿತು. ಮೊಣಕಾಲು ನೋವಿದ್ದರೂ ಅವರು ನೆರೆಯವರ ಕಣ್ಣು ತಪ್ಪಿಸಲು ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದರು. ಮೋಹಿನಿ ಎಲ್ಲವನ್ನೂ ನೋಡುತ್ತ ಸುಮ್ಮನಿದ್ದರು.

ಕೊನೆಗೆ ಕಟ್ಟಡದ ಸೊಸೈಟಿ ಮೀಟಿಂಗಿಗೆ ಲೀಲಾಧರರನ್ನು ಕರೆಸಿದರು. ಅಲ್ಲಿ ಸೆಕ್ರೆಟರಿ "ಪೊಲೀಸ್" ಎಂದಾಗ ಮೋಹಿನಿ ಎದ್ದು ನಿಂತು ತಮ್ಮ ಕೆಲಸ ಏನೆಂದು ಹೇಳಿದರು. ಯಾರೂ ನಂಬಲಿಲ್ಲ. ಅಲ್ಲೇ, ಎಲ್ಲರೆದುರು, ಒಮ್ಮೆ ಕಿರುಚಿದರು. ಗೇಟಿನ ವಾಚ್‌ಮನ್ ಓಡಿ ಬಂದ.

"ಯಾರೂ ನಗಲಿಲ್ಲ. ನಿಕಿತಾ ನಮ್ಮವರ ಕಾಲಿಗೇ ಬಿದ್ಲು. ನೀವಾದ್ರೂ ಯಾಕೆ ಹೇಳ್ಲಿಲ್ಲ ಅಂತ ಮನೆಗೆ ಬಂದು ಕೇಳಿದೆ. 'ಹೇಳ್ಬೇಡಿ ಅಂತ ನೀನೇ ಹೇಳಿದ್ದಲ್ವಾ' ಅಂದ್ರು. ಅಷ್ಟೇ ಮಾರಾಯ್ರೆ. ಬೈದಿದ್ರೆ ತಡ್ಕೊಳ್ಬಹುದಿತ್ತು." ಇದನ್ನು ಹೇಳುವಾಗ ಮೋಹಿನಿ ಸೆರಗಿನ ಅಂಚನ್ನೇ ನೋಡುತ್ತಾರೆ.

ಡಬ್ಬಿಂಗಿನವರ ಹೆಸರನ್ನು ಪರದೆಯ ಮೇಲೆ ಹಾಕುವ ರೂಢಿ ಇಲ್ಲಿಲ್ಲ. ಈ ಸಲದ ಚಿತ್ರಕ್ಕೆ ಮಾತ್ರ ಹಾಕಿ ಎಂದು ಮೋಹಿನಿ ಕೇಳಿಕೊಂಡಿದ್ದಾರೆ. ಬರೀ ಮೋಹಿನಿ ಎಂದಲ್ಲ, ಮೋಹಿನಿ ಲೀಲಾಧರ ಎಂದು.

"ಅವರ ಹೆಸರು ಕೆಡಿಸಿದ್ದು ನಾನು. ನಾಲ್ಕು ಜನ ಓದುವ ಹಾಗೆ ಒಮ್ಮೆ ಬರಲಿ."